ಯಾರ ದುಡ್ಡಿನ ವೇಗ

ಠಾಣೆಯ ವಾಗ್ಳೆ ಎಸ್ಟೇಟಿನ ಆ ಉಡುಪಿ ಹೋಟೆಲಿನಲ್ಲಿ ಒಂದು ಕಟ್ಟಳೆ ಇತ್ತು: ಒಡೆದವನೇ ಕೊಡಬೇಕು. ಗ್ಲಾಸು ಒಡೆದರೆ ಗ್ಲಾಸಿನ ಬೆಲೆ, ಪ್ಲೇಟು ಒಡೆದರೆ ಪ್ಲೇಟಿನ ಬೆಲೆ, ತಿಂಗಳ ಕೊನೆಗೆ ಸಂಬಳಕ್ಕೆ ಕತ್ತರಿ. ಈಗಿನ ಧಣಿ ಸಂಕರ್ಷಣ ರಾಯರ ತಂದೆ ಹಾಕಿಟ್ಟ ಈ ಕಟ್ಟಳೆಗೆ ಒಂದು ಬಾಲವೂ ಇತ್ತು: ದುಡ್ಡು ಕೊಟ್ಟವನಿಗೇ ವಸ್ತು. ಸಾಂಬಾರಿನ ಕೊಳಗವನ್ನು ಮೆಟ್ಟಿಲಿಂದ ಉರುಳಿಸಿ ಸೊಟ್ಟ ಮಾಡಿದ ಅಡುಗೆಯವನೊಬ್ಬ ಅದರ ಬೆಲೆ ತೆತ್ತು, ಆ ಸೊಟ್ಟ ಕೊಳಗವನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಕುಂದಾಪುರಕ್ಕೆ ಒಯ್ದಿದ್ದ. ಕಟ್ಟಲು ಹಗ್ಗ ಕೊಟ್ಟವರು ಹಳೇ ರಾಯರೇ.

ಕತ್ತರಿ ಹಿಡಿಯುವ ಕೆಲಸ ಗಲ್ಲಾದಲ್ಲಿ ಕೂರುವ ಹರಿಶ್ಚಂದ್ರನದು. ಮೂಲ್ಕಿ ಕಡೆಯವನು. ಕತ್ತರಿಸುವಾಗ ಅವನಿಗೆ ಸಂತೋಷವೇನೂ ಆಗುತ್ತಿರಲಿಲ್ಲ, ಸಂಕಟವೂ ಆಗುತ್ತಿರಲಿಲ್ಲ. ಪಾತ್ರೆ ತೊಳೆಯುವ ವಿಜಯಪುರದ ಶಿವರಾಯ ತಿಂಗಳಿಗೊಮ್ಮೆ ಬಂದು, 'ಸೋಪಿನ ಕೈಯಾಗ ಗ್ಲಾಸ ನಿಲ್ಲಂಗಿಲ್ರಿ ಹರಿಯಣ್ಣಾರ' ಎಂದರೆ, 'ನಾನೆಂತ ಮಾಡ್ಲಿ ಮಾರಾಯ, ರೂಲ್ಸು' ಎನ್ನುವುದು, ಕತ್ತರಿಸುವುದು. ಅಷ್ಟೆ.

ಅಲ್ಲಿ ಯಾರೂ ಪೂರ್ತಿ ಸಂಬಳ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಖರ್ಚಿಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಧಣಿಗಳ ಹತ್ತಿರ ಬಿಡುವುದು. ಅದಕ್ಕೆ ಜಮೆ ಎನ್ನುತ್ತಿದ್ದರು. ಮದುವೆಗೆ, ಕಾಯಿಲೆಗೆ, ಮನೆಗೆ ಹೆಂಚು ಹೊದಿಸಲಿಕ್ಕೆ ಕೇಳಿದಾಗ ಸಿಗುತ್ತಿತ್ತು. ಬರೆದುಕೊಡುವ ರೂಢಿ ಇರಲಿಲ್ಲ, ಕೇಳುವುದು ಧಣಿಗಳಿಗೆ ಅವಮಾನ ಮಾಡಿದ ಹಾಗೆ. ಹರಿಶ್ಚಂದ್ರನ ಜಮೆಗೆ ಈಗ ಕೆಲಸ ಬಂದಿತ್ತು. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಪಕ್ಕದ ಅವರ ರೂಮಿನಲ್ಲಿ ಗಾಳಿ ದಪ್ಪವಾದ ದಿನ ಅವನ ಹೆಂಡತಿ ಲೋಲಾಕ್ಷಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಊರು ಬಿಟ್ಟು ಹೋಗಿ ಎಂದರು ಡಾಕ್ಟರು; ಕಲ್ಯಾಣದ ಖಡಕ್‌ಪಾಡಾದವರೆಗಾದರೂ ಹೋಗೋಣ ಎಂದುಕೊಂಡರು ಇವರು. ರೂಮು ನೋಡಿಯಾಗಿತ್ತು, ಡಿಪಾಸಿಟ್ ಕೊಡುವುದಷ್ಟೇ ಬಾಕಿ. 'ಒಂದನೇ ತಾರೀಕಿಗೆ ತಕೊ' ಎಂದಿದ್ದರು ರಾಯರು.

ಅಷ್ಟರಲ್ಲಿ ರಾಯರಿಗೆ ಹೊಸ ಕಾರು ಬಂತು. ಕರೆಂಟಿನ ಕಾರು, ಹೋಟೆಲಿನ ಹೆಸರಲ್ಲಿ. ಹಾಗಾಗಿ ಅದರ ಆ್ಯಪ್ ಕೂಡ ಗಲ್ಲಾದ ಫೋನಿನಲ್ಲೇ, ಹಾಲಿನವನ ಮತ್ತು ಗ್ಯಾಸಿನವನ ನಡುವೆ. ಅದರ ಮೋಟರಿಗೆ ಇನ್ನೂ ಜೋರಾಗಿ ನುಗ್ಗುವ ತಾಕತ್ತು ಮೊದಲಿಂದಲೇ ಇತ್ತಂತೆ. ಕಂಪನಿಯವರು ಸಾಫ್ಟ್‌ವೇರಿನ ಬೀಗ ಜಡಿದು ಮಾರಿದ್ದರು. ಮೇಲೆ ಇಷ್ಟು ಕಟ್ಟಿದರೆ ಕೂತಲ್ಲಿಂದಲೇ ಬೀಗ ತೆಗೆಯುತ್ತಾರೆ, ಯಾರೂ ಬಂದು ಒಂದು ಸ್ಕ್ರೂ ಕೂಡ ತಿರುಗಿಸುವುದಿಲ್ಲ. ಇದು ತಿಳಿದ ದಿನ ರಾಯರು ಗಲ್ಲಾದ ಮುಂದೆ ನಿಂತು ಕೂಗಾಡಿದ್ದರು: 'ನನ್ನ ಗಾಡಿಯ ಹೊಟ್ಟೆಯಲ್ಲಿ ಇದ್ದದ್ದನ್ನು ನನಗೇ ಮಾರುದಾ? ಇದು ಹಗಲು ದರೋಡೆ ಮಾರಾಯ.' ಅಡುಗೆಮನೆಯವರೆಲ್ಲ ಹೌದೆಂದು ತಲೆಯಾಡಿಸಿದರು. ಆ ಎಲ್ಲ ತಲೆಗಳ ದುಡಿಮೆಗೂ ಅದೇ ರಾಯರ ಬೀಗ ಬಿದ್ದಿತ್ತೆಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ, ಊಟದ ಗದ್ದಲದ ನಡುವೆ, ಗಲ್ಲಾದ ಫೋನಿಗೆ ದುಡ್ಡು ಕೇಳುವ ಸಂದೇಶ ಬಂತು. ಕಾರಿನ ಕಂಪನಿಯದು, ಆ ಬೀಗ ತೆಗೆಯಲಿಕ್ಕೆ, ಲಕ್ಷಕ್ಕೆ ಸ್ವಲ್ಪ ಕಡಿಮೆ. ಹರಿಶ್ಚಂದ್ರ ಗಾಬರಿಯಾಗಿ ರಾಯರಿಗೆ ಫೋನು ಹಚ್ಚಿದ, ಎತ್ತಲಿಲ್ಲ. ರಾಯರ ಮಗ ಅನೀಶನಿಗೆ ಹಚ್ಚಿದ. ಠಾಣೆಯಲ್ಲೇ ಹುಟ್ಟಿದ ಹುಡುಗ, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ: 'ಹಾಂ ಕಾಕಾ, ಆಕ್ಸೆಪ್ಟ್ ಕರೋ ನಾ. ಪಪ್ಪಾ ಕೋ ಪತಾ ಹೈ.'

ಪಪ್ಪನಿಗೆ ಗೊತ್ತಿದ್ದ ಮೇಲೆ ಇನ್ನೇನು? ಧಣಿಯ ಮಗನ ಮಾತೂ ಧಣಿಯ ಮಾತೇ ಎಂಬುದು ಕರಾವಳಿಯ ಹೋಟೆಲುಗಳಲ್ಲಿ ಇಡ್ಲಿಗಿಂತ ಹಳೆಯದು. ಹರಿಶ್ಚಂದ್ರ ಹಾಲಿನವನಿಗೆ ಒತ್ತುವ ಹಾಗೆ ಒತ್ತಿದ.

ಪಪ್ಪನಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ರಾಯರು ಗಲ್ಲಾದ ಎದುರು ನಿಂತರು. 'ಯಾರನ್ನು ಕೇಳಿ ಒತ್ತಿದ್ದು ನೀನು?'

'ಸಣ್ಣ ಧಣಿಗಳೇ ಹೇಳಿದ್ದು.'

'ಅವ ಹುಡುಗ, ಅವನಿಗೆ ಆಟ. ಗಲ್ಲಾದಲ್ಲಿ ಕೂತದ್ದು ಅವನಾ, ನೀನಾ?'

'ನಾನೇ ಧಣಿ.'

'ಕಟ್ಟಳೆ ನಿನಗೆ ನಾನು ಹೇಳಿಕೊಡ್ಬೇಕಾ? ನಿನ್ನ ಜಮೆಯಲ್ಲಿ ಹಿಡಿತೇನೆ.'

ರಾಯರು ಹೋದ ಮೇಲೆ ಒಳಗಿನ ನಲ್ಲಿಯ ಕಡೆಯಿಂದ ಶಿವರಾಯನ ದನಿ ಬಂತು: 'ಹರಿಯಣ್ಣಾರ, ಕತ್ರಿ ಮೊನಚ ಐತೇನ್ರಿ?' ಯಾರೋ ನಕ್ಕರು. ಹರಿಶ್ಚಂದ್ರ ತಲೆಯೆತ್ತಲಿಲ್ಲ. ನಗುವುದಕ್ಕೆ ಅವರಿಗೆ ಹಕ್ಕಿದೆ ಎನ್ನುವುದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಲೋಲಾಕ್ಷಿ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿದ್ದಳು.

'ಎಂತ ಒಡೆದದ್ದು ನೀವು?'

'ಎಂತದ್ದೂ ಒಡೀಲಿಲ್ಲ.'

'ಮತ್ತೆ ದುಡ್ಡು ಯಾವುದಕ್ಕೆ?'

'ಅವರ ಕಾರು ಈಗ ಜೋರು ಓಡ್ತದೆ.'

ಅವಳು ನಕ್ಕಳು, ನಗು ಕೆಮ್ಮಾಯಿತು. ಉಸಿರು ಸಿಕ್ಕಿದ ಮೇಲೆ ಹೇಳಿದಳು: 'ಹಾಗಾದ್ರೆ ನಮ್ಮ ಕಲ್ಯಾಣದ ರೂಮಿನಲ್ಲಿ ಕೂತು ಓಡ್ತಾರೆ ರಾಯರು. ಹಿಂದೆ ಕೊಡ್ಲಿಕ್ಕೆ ಆಗುದಿಲ್ವಾ ಅದನ್ನು? ನಾನು ಸ್ಟೇಷನ್ ಹತ್ರ ತಕೊಂಡ ನೈಟಿಯನ್ನೇ ಮರುದಿವಸ ಹಿಂದೆ ತಕೊಳ್ತಾರೆ.'

ಬೆಳಿಗ್ಗೆ ಹೋಟೆಲಿಗೆ ಬಂದವನೇ ಆ್ಯಪ್ ತೆಗೆದು ನೋಡಿದ. ನೈಟಿಯ ಲೆಕ್ಕ ಸರಿಯಿತ್ತು. ಬೇಡವಾದರೆ ಹಿಂದಿರುಗಿಸಬಹುದು, ಪೂರ್ತಿ ದುಡ್ಡು ವಾಪಸ್, ಆದರೆ ಇವತ್ತೇ ಕೊನೆ. ಅವನ ಎದೆ ಹಗುರಾಯಿತು. ಮಧ್ಯಾಹ್ನದ ಗಿರಾಕಿಗಳು ಖಾಲಿಯಾದ ಹೊತ್ತಿಗೆ ಬಂದ ರಾಯರಿಗೆ ಮದುವೆಯ ಸುದ್ದಿ ಹೇಳುವ ಹಾಗೆ ಹೇಳಿದ.

ರಾಯರು ಕೀ ಕುಣಿಸಿದರು. 'ಬಾ, ಕೂತ್ಕೊ. ಒಂದು ರೌಂಡು ಹೋಗಿ ಬರುವ.'

ಅಷ್ಟು ವರ್ಷದಲ್ಲಿ ಧಣಿಯ ಪಕ್ಕದ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮುಲುಂಡ್ ದಾಟಿ ಐರೋಲಿ ಸೇತುವೆಗೆ ಬಂದರು. ಕೆಳಗೆ ಖಾಡಿಯ ಉಪ್ಪುನೀರು, ಮೇಲೆ ರಸ್ತೆ ಬರಿದಾಗಿತ್ತು. 'ಹಿಡ್ಕೊ' ಎಂದು ರಾಯರು ಕಾಲೊತ್ತಿದರು. ಸದ್ದಿಲ್ಲ, ಹೊಗೆಯಿಲ್ಲ. ಯಾರೋ ಎದೆಗೆ ಕೈಯಿಟ್ಟು ದಬ್ಬಿದ ಹಾಗೆ ಹರಿಶ್ಚಂದ್ರನ ತಲೆ ಹಿಂದಕ್ಕೆ ಹೋಗಿ ಸೀಟಿಗೆ ಬಡಿಯಿತು, ಉಸಿರು ಅಲ್ಲೇ ನಿಂತಿತು. ಲೋಲಾಕ್ಷಿಗೆ ದಿನಾ ಹೀಗೇ ಆಗುವುದೇನೋ ಎಂದುಕೊಂಡ.

'ಹೇಗುಂಟು?' ರಾಯರ ಮುಖ ಮಗುವಿನ ಹಾಗೆ ಅರಳಿತ್ತು. 'ಕಂಪನಿಯವರು ಕಳ್ಳರೇ, ಆದ್ರೆ ಮಾಲು ಒಳ್ಳೇದು ಕೊಟ್ಟಿದ್ದಾರೆ. ಇದನ್ನು ಯಾರಾದ್ರೂ ಹಿಂದೆ ಕೊಡ್ತಾರಾ ಹುಚ್ಚಪ್ಪ?'

'ಹಾಗಾದ್ರೆ ನನ್ನ ಜಮೆ ಮುಟ್ಟಬೇಡಿ ಧಣಿ.'

'ಅದು ಬೇರೆ, ಇದು ಬೇರೆ. ತಪ್ಪು ಮಾಡಿದ್ದಕ್ಕೆ ಶಿಕ್ಷೆ ಬೇಡ್ವಾ? ಇವತ್ತು ನಿನ್ನನ್ನು ಬಿಟ್ರೆ ನಾಳೆ ಆ ಶಿವರಾಯ ಗ್ಲಾಸಿಗೆ ದುಡ್ಡು ಕೊಡ್ತಾನಾ?'

ಸೇತುವೆ ಮುಗಿದು ಐರೋಲಿ ನಾಕಾದಲ್ಲಿ ಟ್ರಾಫಿಕ್ ಗಂಟು ಬಿದ್ದಿತ್ತು. ಲಕ್ಷದ ವೇಗ ಒಂದು ಕೊತ್ತಂಬರಿ ಟೆಂಪೊದ ಹಿಂದೆ ತೆಪ್ಪಗೆ ನಿಂತಿತು.

'ನಿಮ್ಮ ತಂದೆ, ದೊಡ್ಡ ಧಣಿಗಳು, ಇನ್ನೊಂದು ಮಾತೂ ಹೇಳಿದ್ರು,' ಎಂದ ಹರಿಶ್ಚಂದ್ರ. 'ದುಡ್ಡು ಕೊಟ್ಟವನಿಗೇ ವಸ್ತು. ನಾನು ಕೊಟ್ರೆ ಇದು ನಂದು.'

ರಾಯರು ಸ್ಟೇರಿಂಗ್ ಬಡಿದು ನಕ್ಕರು. 'ತಕೊಂಡು ಹೋಗು ಮಾರಾಯ. ಯಾವುದರಲ್ಲಿ ಕಟ್ಟಿಕೊಡ್ಲಿ? ಸಾಂಬಾರಿನ ಪಾರ್ಸಲ್ ಡಬ್ಬಿ ಸಾಕಾ?'

ಹರಿಶ್ಚಂದ್ರ ಬಾಗಿಲು ತೆಗೆದು ಇಳಿದ. ನೆರೂಲಿನಲ್ಲಿ ಕೆಲಸವಿದ್ದ ರಾಯರು ಅವನನ್ನು ತಡೆಯಲಿಲ್ಲ. ಸ್ಟೇಷನ್ನಿನವರೆಗೆ ನಡೆದು, ಠಾಣೆಯ ಲೋಕಲ್ಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಬಂದು ಗಲ್ಲಾದಲ್ಲಿ ಕೂತ. ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ, ಹುಡುಗರು ಬೆಂಚುಗಳ ಮೇಲೆ ಮೈ ಚಾಚಿದ್ದರು. ಫೋನು ತೆಗೆದ. ಹಿಂದಿರುಗಿಸಿ ಎಂಬ ಗುಂಡಿಯನ್ನು ಒತ್ತಿದ. ಖಚಿತವೇ ಎಂದು ಕೇಳಿತು. ಮತ್ತೆ ಒತ್ತಿದ.

ಸ್ವಲ್ಪ ಹೊತ್ತಿನಲ್ಲೇ ಫೋನು ಬಡಿದುಕೊಂಡಿತು. ಅಡುಗೆಮನೆಯ ಫ್ಯಾನಿನ ಗದ್ದಲಕ್ಕಾಗಿ ಅದು ಯಾವಾಗಲೂ ಸ್ಪೀಕರಿನ ಮೇಲೇ ಇರುತ್ತಿತ್ತು. ಈಗ ಫ್ಯಾನು ನಿಂತಿತ್ತು.

'ಗಾಡಿ ಎಮ್ಮೆಯ ಹಾಗೆ ತೆವಳ್ತಾ ಉಂಟು. ಎಂತ ಮಾಡಿದ್ದು ನೀನು?'

'ನಂದನ್ನು ನಾನು ತಕೊಂಡೆ. ದುಡ್ಡು ನಿಮ್ಮ ಖಾತೆಗೇ ಬರ್ತದೆ. ಇನ್ನು ನನ್ನ ಜಮೆಯಲ್ಲಿ ಹಿಡೀಲಿಕ್ಕೆ ಎಂತದ್ದೂ ಇಲ್ಲ.'

'ನಾಳೆಯಿಂದ ನೀನು ಬರುದು ಬೇಡ.'

'ಆಯ್ತು. ಜಮೆ ಕೊಟ್ಟುಬಿಡಿ.'

ಆಚೆ ಹಾರ್ನುಗಳ ಸದ್ದು. ಆಮೇಲೆ ರಾಯರು ತಣ್ಣಗೆ ಕೇಳಿದರು: 'ಯಾವ ಜಮೆ? ಬರೆದುಕೊಟ್ಟದ್ದುಂಟಾ ನಾನು?'

ಫೋನು ಕಟ್ಟಾಯಿತು. ಬೆಂಚಿನ ಮೇಲೆ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕೂತರು. ಶಿವರಾಯ ಲುಂಗಿಗೆ ಕೈ ಒರೆಸುತ್ತ ಗಲ್ಲಾದ ಹತ್ತಿರ ಬಂದ.

'ಈಗ ಅವರು ಅಂದದ್ದು ಏನ್ರಿ?'

'ಕೇಳಿದ್ಯಲ್ಲ.'

'ನಮಗೂ ಬರದು ಕೊಟ್ಟಿಲ್ಲಲ್ರಿ.'

'ಯಾರಿಗೂ ಇಲ್ಲ.'

ಶಿವರಾಯ ಅವನನ್ನೇ ನೋಡಿದ. 'ನಿಮ್ಮ ಸಲುವಾಗಿ ಅಂತ ತಿಳೀಬ್ಯಾಡ್ರಿ ಮತ್ತ. ನಿಮ್ಮ ಮ್ಯಾಲಿನ ಸಿಟ್ಟು ನನಗ ಹಂಗಽ ಐತಿ.' ಒಳಗೆ ಹೋಗಿ ಸಂಜೆಯ ಚಹಾಕ್ಕೆ ಹಾಲು ಕಾಯಿಸುತ್ತಿದ್ದ ಒಲೆಯನ್ನು ಆರಿಸಿದ. ಅಡುಗೆಯವರು ಬೇಡವೆನ್ನಲಿಲ್ಲ. ಎಲ್ಲರೂ ಹೊರಗಿನ ಮೆಟ್ಟಿಲ ಮೇಲೆ, ರಾಯರು ಕಾರು ನಿಲ್ಲಿಸುವ ಜಾಗಕ್ಕೆ ಮುಖ ಮಾಡಿ ಕೂತರು.

ಅಷ್ಟರಲ್ಲಿ ಲೋಲಾಕ್ಷಿಯ ಫೋನು ಬಂತು. 'ಕಲ್ಯಾಣದ ಬ್ರೋಕರ್ ಕೇಳ್ತಾ ಇದ್ದಾನೆ. ಎಂತ ಹೇಳ್ಲಿ?'

'ಬೇರೆಯವರಿಗೆ ಕೊಡ್ಲಿಕ್ಕೆ ಹೇಳು.'

 ಅವಳು ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಿತು, ಗರಗಸದ ಹಾಗೆ. ಹರಿಶ್ಚಂದ್ರ ಗಲ್ಲಾದ ಬೀಗ ಹಾಕಿ ಹೊರಗೆ ಬಂದ. ಮೆಟ್ಟಿಲ ಮೇಲೆ ಜಾಗವಿರಲಿಲ್ಲ, ಯಾರೂ ಸರಿಯಲೂ ಇಲ್ಲ. ಅವರ ಹಿಂದೆ, ಗೋಡೆಗೆ ಒರಗಿ ನಿಂತುಕೊಂಡ.