ಅಣ್ಣ ಆರಿಸಿದ ಕೋಲು

"ಕಣ್ ಮುಚ್ಚಿ ನೋಡಣ್ಣ. ಅಪ್ಪ ನೋಡ್ತಿದ್ನಲ್ಲ, ಹಂಗ ನೋಡು," ಎಂದ ಓಬುಲೇಶ.

ರಾಯದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು ಮಾರುವ ಗೋಪಿ ಅಂಗಡಿಯ ಒಂದು ಮೂಲೆಯಲ್ಲಿ ಗಾಳದ ಸಾಮಾನನ್ನೂ ಇಟ್ಟಿದ್ದ. ಗಾಜಿನ ಪೆಟ್ಟಿಗೆಯ ಮೇಲೆ ಎರಡು ಫೈಬರ್ ಕೋಲುಗಳಿದ್ದವು. ಒಂದು ಕಪ್ಪು, ಒಂದು ಹಸಿರು. ಸ್ಟೂಲಿನ ಮೇಲೆ ಕೂತ ಓಬುಲೇಶನ ಬಲಗೈ ಬೇರೆ ಯಾರದೋ ಕೈಯಂತೆ ಅವನ ತೊಡೆಯ ಮೇಲೆ ಬಿದ್ದಿತ್ತು.

ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಬಿದಿರುಕೋಲಿಗೆ ಕಪ್ಪೆ ಕಟ್ಟಿ ಕಣೇಕಲ್ಲು ಕೆರೆಯ ಕೊರ್ರಮೀನನ್ನು ಎಬ್ಬಿಸುವವನಿಗೆ ಮಣಿಕಟ್ಟೇ ಎಲ್ಲ. ಮೀನು ಕಚ್ಚಿದ ಕ್ಷಣವೇ ಝಾಡಿಸಬೇಕು. ಆ ಮಣಿಕಟ್ಟು ಹೋಗಿತ್ತು. ಮಂಚದ ಮೇಲೆ ಬಿದ್ದುಕೊಂಡು ಫೋನಿನಲ್ಲಿ ಅಮೆರಿಕದವರು ಬಾಸ್ ಅನ್ನುವ ಮೀನು ಹಿಡಿಯುವುದನ್ನು ನೋಡಿ ನೋಡಿ ಓಬುಲೇಶ ಒಂದು ದಾರಿ ಕಂಡುಕೊಂಡಿದ್ದ. ಕ್ರ್ಯಾಂಕ್‌ಬೇಟ್ ಅಂತ ಒಂದು ಪ್ಲಾಸ್ಟಿಕ್ ಮೀನು. ಎಸೆದು ರೀಲು ಸುತ್ತಿದರೆ ತಾನೇ ಮುಳುಗುತ್ತದೆ, ತಾನೇ ಒದ್ದಾಡುತ್ತದೆ, ದೊಡ್ಡ ಮೀನು ತಾನಾಗಿ ಬಂದು ಅದರ ಹೊಟ್ಟೆಯ ಸಣ್ಣ ಗಾಳಗಳಿಗೆ ಸಿಗುತ್ತದೆ. ಕೋಲನ್ನು ಬಲ ಕಂಕುಳಲ್ಲಿ ಅವುಚಿಕೊಂಡು ಎಡಗೈಯಲ್ಲಿ ಸುತ್ತಿದರಾಯಿತು.

"ಎಂಟ್ ತಿಂಗ್ಳಾದ ಮ್ಯಾಗ ಇವತ್ತ ತಾವ ತಲಿ ಬಾಚ್ಕ್ಯಂಡಾರ್ರಿ ಭಾವ," ಎಂದಳು ಅವನ ಹೆಂಡತಿ ಶಂಕ್ರಮ್ಮ, ಮೆಲ್ಲಗೆ. "ಕೆರಿ ಕೆರಿ ಅಂತ ಒಂದಾ ಸಮ."

ಅಣ್ಣ ಹೊನ್ನೂರಪ್ಪ ಕಪ್ಪು ಕೋಲನ್ನು ಎತ್ತಿಕೊಂಡು ಕಣ್ಣು ಮುಚ್ಚಿದ. ಗೋಪಿ ತುದಿಗೆ ಬೆರಳಲ್ಲಿ ತಟ್ಟಿದ. ಅಪ್ಪ ಬಿದಿರನ್ನು ಆರಿಸುತ್ತಿದ್ದದ್ದು ಹೀಗೆಯೇ. ತುದಿಯ ನಡುಕ ಕೋಲಿನಗುಂಟ ಬಾಗುತ್ತ ಬಳುಕುತ್ತ ತಡವಾಗಿ ಮಣಿಕಟ್ಟಿಗೆ ಬರಬೇಕು. ತಟ್ಟಿದ ಕೂಡಲೇ ಬಂದು ಬಡಿಯುವ ಕೋಲು ಮೀನಿನ ತುಟಿ ಹರಿದು ಕಳಿಸುತ್ತದೆ. ಇಬ್ಬರಿಗೂ ಅಪ್ಪ ಇದನ್ನು ಬಲಗೈಗೆ ಕಲಿಸಿದ್ದ. ಓಬುಲೇಶನ ಎಡಗೈಗೆ ಆ ವಿದ್ಯೆ ಬಂದಿರಲಿಲ್ಲ.

ಕಪ್ಪು ಕೋಲು ತಟ್ಟಿದ ಕೂಡಲೇ ಬಡಿಯಿತು. ಹಸಿರು ಕೋಲಿನ ನಡುಕ ಎಷ್ಟು ನಿಧಾನವಾಗಿ ಬಂತೆಂದರೆ ಹೊನ್ನೂರಪ್ಪನಿಗೆ ಅಪ್ಪನೇ ಕೈ ಹಿಡಿದಂತಾಯಿತು.

ಹೇಳಿಬಿಡಬೇಕೆಂದು ಬಾಯಿ ತೆರೆದವನಿಗೆ ಕೆರೆಕಟ್ಟೆಯ ಮೇಲಿನ ನಗು ನೆನಪಾಯಿತು. ಕಾಲುವೆಯ ಲಸ್ಕರ್ ಕೆಲಸದಲ್ಲಿ ಮೂವತ್ತು ವರ್ಷ ಇಡೀ ಊರಿನ ಗದ್ದೆಗೆ ನೀರು ಬಿಟ್ಟವನು ಅವನು. ಆದರೂ ಊರಲ್ಲಿ ಅವನಿಗಿದ್ದ ಹೆಸರು 'ಓಬುಲೇಶನ ಅಣ್ಣ'. "ನಮ್ಮಣ್ಣ ಗಾಳಕ್ಕ ಕಟ್ಟಿದ್ ಕಪ್ಪಿ ಸಂಜಿಗಿ ಆರಾಮ್ ಮನಿಗಿ ಹೋಕ್ಕತಿ ನೋಡ್ರಿ" ಎಂದು ತಮ್ಮ ಒಮ್ಮೆ ಅಂದಿದ್ದ. ಆಮೇಲೆ ಹೊನ್ನೂರಪ್ಪ ಎದುರು ಬಂದರೆ ಸಣ್ಣ ಹುಡುಗರು ಕೂಡ ಕಪ್ಪೆಯಂತೆ ವಟಗುಟ್ಟುತ್ತಿದ್ದರು. ಓಬುಲೇಶ ಅದನ್ನು ಎಂದೋ ಮರೆತಿದ್ದ. ಆಡಿದವನು ಮರೆಯುತ್ತಾನೆ, ಆಡಿಸಿಕೊಂಡವನಿಗೆ ಆ ಸವಲತ್ತು ಇರುವುದಿಲ್ಲ.

"ಕರೇದು," ಎಂದ ಹೊನ್ನೂರಪ್ಪ.

"ಹಸಿರ್ದೂ ಚಲೋ ಐತ್ರಿ..." ಗೋಪಿ ರಾಗ ಎಳೆದ.

"ನಮ್ಮಣ್ಣ ನೋಡ್ಯಾನಲ್ಲಪ, ಮುಗೀತು," ಎಂದ ಓಬುಲೇಶ. ಕಪ್ಪು ಕೋಲನ್ನು ಎಡಗೈಯಲ್ಲಿ ತಬ್ಬಿಕೊಂಡು ಆಟೋ ಹತ್ತಿದ. ದಾರಿಯುದ್ದಕ್ಕೂ ಅದನ್ನು ಶಂಕ್ರಮ್ಮನ ಕೈಗೆ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಓಬುಲೇಶ ಕೆರೆಗೆ ಬರುತ್ತಾನೆಂದು ತಿಳಿದು ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಎಂಟನೆಯ ಎಸೆತಕ್ಕೆ ಮೀನು ಬಿತ್ತು. ನೀರು ಸಿಡಿಯಿತು. "ಬಿದ್ದತಿ! ಬಿದ್ದತಿ!" ಎಂದು ಗುಂಪಿನಲ್ಲಿದ್ದ ಕಾಟಪ್ಪ ಕೂಗಿದ. ಓಬುಲೇಶನ ಸೊಟ್ಟ ಬಾಯಿ ಪೂರ್ತಿ ನಕ್ಕಿತು. ಅವನು ರೀಲು ಸುತ್ತಿದ, ಮೀನು ಒಮ್ಮೆ ತಲೆ ಒದರಿತು, ಕೋಲು ಬಾಗಲೇ ಇಲ್ಲ, ದಾರ ಸಡಿಲವಾಯಿತು.

ಎರಡನೆಯದೂ ಹಾಗೇ ಹೋಯಿತು. ಮೂರನೆಯದು ದಡದ ತನಕ ಬಂದು, ತನ್ನ ಕರಿ ಬೆನ್ನು ಎಲ್ಲರಿಗೂ ತೋರಿಸಿ ಹೋಯಿತು. ಪ್ಲಾಸ್ಟಿಕ್ ಮೀನು ಖಾಲಿ ಬಂದಾಗ ಗಾಳಕ್ಕೆ ಉಗುರಿನಷ್ಟು ತುಟಿ ಅಂಟಿಕೊಂಡಿತ್ತು. ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಅವರು ನಗಬಹುದೆಂದು ಹೊನ್ನೂರಪ್ಪ ಎಣಿಸಿದ್ದ.

ಶಂಕ್ರಮ್ಮ ಭಾವನ ಮುಖ ನೋಡಿದಳು. "ಕೋಲ್ ಏನರ ಬಿರುಸಾತೇನ್ರಿ?"

"ಕೋಲು ಚಲೋ ಐತಿ," ಎಂದು ಓಬುಲೇಶನೇ ಉತ್ತರ ಕೊಟ್ಟ. "ಅಣ್ಣ ಕಣ್ ಮುಚ್ಚಿ ಆರಿಸಿದ್ದು. ಕೈ ಸತ್ತೈತಿ, ಅದಕ್ಕ ಕೋಲೇನ್ ಮಾಡ್ತತಿ?"

ಒಂದು ಮಾತು ಸಾಕಿತ್ತು. ಅದು ಹೊನ್ನೂರಪ್ಪನ ನಾಲಿಗೆಯ ತುದಿಯ ತನಕವೂ ಬಂದಿತ್ತು. "ಹೋಗ್ಲಿ ಬಿಡು," ಎಂದ ಅವನು. ಓಬುಲೇಶ ದಾರದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಪ್ಲಾಸ್ಟಿಕ್ ಮೀನುಗಳ ಡಬ್ಬಿಯನ್ನು ಅಣ್ಣನ ಮಡಿಲಲ್ಲಿ ಇಟ್ಟ.

"ನೀನ ಹಿಡಿ. ನಂದು ಮುಗೀತು."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊನ್ನೂರಪ್ಪ ರಾಯದುರ್ಗಕ್ಕೆ ಹೋದ. ಹಸಿರು ಕೋಲು ಇನ್ನೂ ಅಲ್ಲೇ ಇತ್ತು. ಗೋಪಿ ಅದನ್ನು ಕಟ್ಟಿಕೊಟ್ಟ.

ಮುಂದಿನ ಭಾನುವಾರ ಹೊನ್ನೂರಪ್ಪ ತೋಳುದ್ದದ ಕೊರ್ರಮೀನನ್ನು ದಡಕ್ಕೆ ಎಳೆದ. ಅದು ಒದರಿದಾಗಲೆಲ್ಲ ಹಸಿರು ಕೋಲು ಅದರ ಜೊತೆ ಬಾಗಿತು, ಸಣ್ಣ ಗಾಳ ಬಿಡಲಿಲ್ಲ. "ಹೊನ್ನೂರಪ್ಪ! ಏ ಹೊನ್ನೂರಪ್ಪ!" ಎಂದು ಕಟ್ಟೆಯ ಜನ ಕೂಗಿದರು. ಬರೀ ಹೆಸರು, ಮುಂದೆ ಹಿಂದೆ ಯಾರದೂ ಇಲ್ಲ. ಅವನಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು.

ಕಟ್ಟೆಯ ಮೇಲೆ ನಿಂತ ಆಟೋದಲ್ಲಿ ಓಬುಲೇಶ ಕೂತಿದ್ದ. ಅಣ್ಣನ ಆಟ ನೋಡಬೇಕೆಂದು ಹಟ ಮಾಡಿ ಬಂದಿದ್ದ. ತಲೆ ಬಾಚಿರಲಿಲ್ಲ.

"ಅದು ಅವತ್ತಿನ ಹಸಿರ್ ಕೋಲಲ್ಲೇನ್ರಿ?" ಎಂದಳು ಶಂಕ್ರಮ್ಮ.

"ಸುಮ್ನಿರಲೇ. ಕೋಲಿನಾಗ ಏನೈತಿ, ಕೈ ಬೇಕು. ಚಪ್ಪಾಳಿ ಹೊಡಿಬೇಕು, ಹಿಡ್ಕ ಇದನ್ನ."

ಅವಳು ಅವನ ಬಲಗೈಯನ್ನು ಎತ್ತಿ ಅಂಗೈ ಬಿಡಿಸಿ ಹಿಡಿದಳು. ಅವನು ಎಡಗೈಯಿಂದ ಅದರ ಮೇಲೆ ಬಡಿಯತೊಡಗಿದ. ಸದ್ದು ಕೇಳಿ ಹೊನ್ನೂರಪ್ಪ ತಿರುಗಿ ನೋಡಿದ. ಶಂಕ್ರಮ್ಮ ಗಂಡನ ಕೈ ಬಿಡದೆ ಭಾವನನ್ನೇ ನೋಡುತ್ತಿದ್ದಳು.