ತಳವಾರನ ಮನೆಯ ಹನ್ನೊಂದು ಮರಿ

ಜಾಲಿಹಾಳದಲ್ಲಿ ಆರು ವರ್ಷದಿಂದ ಕೋಳಿ ಕೂಗಿರಲಿಲ್ಲ. ಮಸ್ಕಿಯಿಂದ ಎರಡು ಹರದಾರಿ ದೂರದ ಆ ಊರಿನಲ್ಲಿ ಮೊದಲು ಮನೆಗೆ ನಾಲ್ಕೈದು ಕೋಳಿ ಇದ್ದವು. ನಿಜಾಮ ಸರ್ಕಾರದ ಕಂದಾಯ ಅಧಿಕಾರಿಗಳಾದ ಗಿರ್ದಾವರರು ವರ್ಷಕ್ಕೆರಡು ಸಲ ಹೊಲ ನೋಡುವುದಕ್ಕೆಂದು ದೌರೆ ಬಂದು ಚಾವಡಿಯಲ್ಲಿ ಇಳಿಯುತ್ತಿದ್ದರು. ಅವರಿಗೆ, ಅವರ ಜವಾನರಿಗೆ, ಜೊತೆಗೆ ಬಂದವರಿಗೆ ಕೋಳಿ, ತತ್ತಿ ಎಲ್ಲವನ್ನೂ ಊರೇ ಬಿಟ್ಟಿ ಒದಗಿಸಬೇಕು. ಕೊನೆಗೆ ಜನ ಬೇಸತ್ತು, ಉಳಿದ ಕೋಳಿಗಳನ್ನು ತಾವೇ ಕೊಯ್ದು ತಿಂದು, ಸಾಕುವುದನ್ನೇ ಬಿಟ್ಟುಬಿಟ್ಟರು.

ಆ ಕೋಳಿಗಳನ್ನು ಮನೆಮನೆ ಹೊಕ್ಕು ಹಿಡಿದು ತರುತ್ತಿದ್ದವನು ಊರ ತಳವಾರ ಮುದುಕಪ್ಪ. ಅದು ಅವನ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಊರಲ್ಲಿ ಕೋಳಿ ಇಲ್ಲವಾದ ಮೇಲೆ ದೌರೆ ಬಂದಾಗಲೆಲ್ಲ ಪಕ್ಕದೂರಿನ ತಳವಾರನ ಕೈಕಾಲು ಹಿಡಿದು ನಾಲ್ಕು ಕೋಳಿ ತಂದು ಒಪ್ಪಿಸುತ್ತಿದ್ದ. ಅದೂ ಒಂದು ಕಷ್ಟವೇ. ಆದರೆ ಅಕ್ಕಪಕ್ಕದವರ ಮುಖ ನೋಡುವ ಕಷ್ಟ ತಪ್ಪಿತ್ತು.

ಅವನ ಹೆಂಡತಿ ಗದ್ದೆಮ್ಮ ಹಟ್ಟಿ ಕಡೆಯವಳು. ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸಿದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಪಂಚಮಿ ಕಳೆದ ಮೇಲೆ ಒಂದು ದಿನ ಅವಳು ಮಸ್ಕಿಯ ಸಂತೆಗೆ ಹೋದವಳು ಕೋಳಿ ಮಾರುವ ರಾಜಾಬೀಯ ಮುಂದೆ ನಿಂತಳು. ರಾಜಾಬೀಯ ಒಂದು ಪಂಜರದಲ್ಲಿ ದೊಡ್ಡ ಹೇಂಟೆಗಳಿದ್ದವು. ಇನ್ನೊಂದು ಬುಟ್ಟಿಯಲ್ಲಿ ಮರಿಗಳು.

“ದೊಡ್ಡವು ಒಯ್ದ್ರ ಎಂಟು ದಿನಕ್ಕ ತತ್ತಿ ಇಡತಾವ ತಂಗಿ,” ಎಂದಳು ರಾಜಾಬೀ. “ಆದ್ರ ಹೊಸ ಮನಿ ರೂಢಿ ಆಗೋತನ ಕಾಲು ಕಟ್ಟಿ ಇಡಬೇಕು. ಮರಿ ಒಯ್ದ್ರ ಆರು ತಿಂಗಳು ಕಾಯಬೇಕು. ಹದ್ದು, ಬೆಕ್ಕು, ಥಂಡಿ ಎಲ್ಲಾ ದಾಟಬೇಕು. ನಿನಗ ಯಾವು ಬೇಕು?”

“ದೊಡ್ಡವು ನಮ್ಮೂರಾಗ ಎಲ್ಲಾರ ಕಣ್ಣಿಗೆ ಬೀಳತಾವ,” ಎಂದು ಗದ್ದೆಮ್ಮ ಹನ್ನೊಂದು ಮರಿ ಆರಿಸಿಕೊಂಡಳು.

ಸಂಜೆ ಮನೆಗೆ ಬಂದ ಮುದುಕಪ್ಪನಿಗೆ ಒಲೆಯ ಪಕ್ಕದಿಂದ ಚಿಂವ್ ಚಿಂವ್ ಕೇಳಿಸಿತು. ಒಡೆದ ಗಡಿಗೆಯಲ್ಲಿ ಹುಲ್ಲು ಹಾಸಿ, ಮೇಲೆ ಹಳೆಯ ಕೌದಿ ಹೊದಿಸಿ ಅವಳು ಮರಿಗಳನ್ನು ಬೆಚ್ಚಗಿಟ್ಟಿದ್ದಳು. ಅವನು ಕೌದಿ ಎತ್ತಿ ನೋಡಿ, ಮತ್ತೆ ಮುಚ್ಚಿದ.

“ನಿನಗ ಬುದ್ಧಿ ಐತೇನು? ಊರಾಗ ಯಾರ ಮನ್ಯಾಗೂ ಇಲ್ಲ. ತಳವಾರನ ಮನ್ಯಾಗ ಕೋಳಿ ಅಂದ್ರ ಮಂದಿ ಏನಂತಾರ?”

“ಇವು ಮರಿ ಅದಾವ. ಮರಿ ಯಾರು ಒಯ್ತಾರ?”

“ಮರಿ ಮರಿಯಾಗೇ ಇರತಾವೇನು?”

ಅವಳು ನುಚ್ಚು ನೆನೆಹಾಕತೊಡಗಿದಳು.

ಅಂದಿನಿಂದ ಮುದುಕಪ್ಪನಿಗೆ ಕುಂತಲ್ಲಿ ಕೂರಲಾಗಲಿಲ್ಲ. ಎಲೆ ಅಡಿಕೆ ಬಾಯಿಗೆ ಹಾಕಿ ಅರ್ಧಕ್ಕೇ ಉಗುಳಿ ಏಳುತ್ತಿದ್ದ. ಹೊಲದ ಬದುವಿಗೆ ಹೋಗಿ ಗಿರ್ದಾವರರು ಕುದುರೆ ಏರಿ ಬರುವ ಲಿಂಗಸೂಗೂರಿನ ದಾರಿಯತ್ತ ನೋಡಿ ಬರುತ್ತಿದ್ದ. ಆದರೂ ಗೆದ್ದಲು ಹುತ್ತ ಕಂಡಲ್ಲಿ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಹುತ್ತದ ಒಂದು ಮಣ್ಣಿನ ಹೆಂಟೆ ಕಿತ್ತು ತಂದು ಅಂಗಳದಲ್ಲಿ ಒಡೆದರೆ ಮರಿಗಳು ಒಂದರ ಮೇಲೊಂದು ಬಿದ್ದು ಹೆಕ್ಕುತ್ತಿದ್ದವು. ಜಿಟಿಜಿಟಿ ಮಳೆಯಲ್ಲಿ ಒಂದು ಸತ್ತಿತು. ಎರಡನ್ನು ಹದ್ದು ಒಯ್ದಿತು. ಎಂಟು ಉಳಿದವು.

ಎದುರು ಮನೆಯ ಯಮನೂರಮ್ಮ ದಿನಾ ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂತು ಮರಿಗಳನ್ನು ನೋಡುತ್ತಿದ್ದಳು. ಒಂಟಿ ಮುದುಕಿ. ಆರು ವರ್ಷದ ಹಿಂದೆ ಮುದುಕಪ್ಪ ಅವಳ ಕೊನೆಯ ಹೇಂಟೆಯನ್ನು ಕಾವಿನ ಮೇಲಿಂದಲೇ ಎತ್ತಿಕೊಂಡು ಹೋಗಿದ್ದ. ಬುಟ್ಟಿಯಲ್ಲಿ ಒಂಬತ್ತು ತತ್ತಿ ಉಳಿದಿದ್ದವು. ಅವಳು ಆ ತತ್ತಿಗಳನ್ನು ತನ್ನ ಸೀರೆಯಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ನಾಲ್ಕು ದಿನ ಓಡಾಡಿದಳೆಂದು ಊರಲ್ಲಿ ಮಾತಿತ್ತು. ಒಂದೂ ಒಡೆದು ಮರಿಯಾಗಲಿಲ್ಲ. ಆ ಬಗ್ಗೆ ಅವಳು ಮುದುಕಪ್ಪನಿಗೆ ಎಂದೂ ಏನೂ ಅಂದವಳಲ್ಲ. ಈಗಲೂ ಗದ್ದೆಮ್ಮನಿಗೆ, ನುಚ್ಚಿಗೆ ಒಂಚೂರು ಬಳ್ಳೊಳ್ಳಿ ಜಜ್ಜಿ ಹಾಕು, ಗೂಡಿಗೆ ಬೇವಿನ ಹೊಗೆ ಕೊಡು ಎಂದು ಹೇಳುತ್ತಿದ್ದಳಷ್ಟೆ. ಅವಳು ಕೂತಿದ್ದರೆ ಮುದುಕಪ್ಪ ಹಿತ್ತಲ ಕಡೆಯಿಂದ ಮನೆಯೊಳಗೆ ಬರುತ್ತಿದ್ದ.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಬೆಳಗಿನ ಹೊತ್ತು, ಎಂಟರಲ್ಲಿ ಒಂದು ಕತ್ತು ಚಾಚಿ ಕೂಗಿತು. ಒಡಕು ದನಿ, ಅರ್ಧ ಕೂಗು. ಓಣಿಯ ಜನ ತಂಬಿಗೆ ಹಿಡಿದವರು ಹಿಡಿದಂತೆಯೇ ಹೊರಗೆ ಬಂದು ನಿಂತರು. ಯಾರೂ ನಗಲಿಲ್ಲ. ಯಾರೂ ಬೈಯಲಿಲ್ಲ. ಎಲ್ಲರೂ ತಳವಾರನ ಮನೆಯತ್ತ ನೋಡಿದರು.

“ಸಂತಿಗೆ ಒಯ್ದು ಎಲ್ಲಾ ಕೊಟ್ಟು ಬಾ,” ಎಂದ ಮುದುಕಪ್ಪ ಹೆಂಡತಿಗೆ. “ನನಗ ನಿದ್ದಿ ಇಲ್ಲ, ಕೂಳು ಸೇರವಲ್ದು.”

“ನಿನಗ ನಿದ್ದಿ ಇಲ್ಲದ್ದು ಕೋಳಿ ಸಲುವಾಗಿ ಅಲ್ಲ,” ಎಂದಳು ಗದ್ದೆಮ್ಮ.

ಜೋಳದ ಸುಗ್ಗಿ ಮುಗಿಯುತ್ತಿದ್ದಂತೆ ಜವಾನ ಚಾಂದ್‌ಪಾಷಾ ಬಂದ. ಮೂರನೆಯ ದಿನ ಗಿರ್ದಾವರ ಸಾಹೇಬರ ದೌರೆ, ಐದು ಕೋಳಿ ತಯಾರಿರಲಿ ಎಂದ. ಪಕ್ಕದೂರಿಗೆ ಓಡಿದ ಮುದುಕಪ್ಪನಿಗೆ ಅಲ್ಲಿಯ ತಳವಾರ ಕೈಮುಗಿದ: “ನಮ್ಮೂರಾಗೂ ಎಲ್ಲಾ ತಿಂದು ಮುಗಿಸ್ಯಾರಪ್ಪ. ಈಗ ಕೋಳಿ ಇರೂದು ನಿನ್ನ ಮನ್ಯಾಗ ಒಂದಾ ಅಂತ ಸುದ್ದಿ ಐತಿ.”

ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ. ಮನೆಯಲ್ಲಿ ಎರಡು ಹುಂಜ, ಆರು ಹೇಂಟೆ. ಐದು ಹೋದರೆ ಮೂರು ಉಳಿಯುತ್ತವೆ. ಈ ಸಲ ತನ್ನ ಮನೆಯದೇ ಹೋದರೆ ಊರವರ ಬಾಯಿಯೂ ಮುಚ್ಚುತ್ತದೆ ಎಂದುಕೊಂಡ. ಹೆಂಡತಿಗೆ ಹೇಗೆ ಹೇಳುವುದೆಂಬುದೊಂದೇ ಉಳಿಯಿತು.

ಮನೆಗೆ ಬಂದು ನೋಡಿದರೆ ಗೂಡಿನಲ್ಲಿ ಎರಡು ಹುಂಜಗಳಿದ್ದವು, ಅಷ್ಟೆ.

“ಉಳಿದವು ಎಲ್ಲಿ ಹೋಗ್ಯಾವ?”

ಗದ್ದೆಮ್ಮ ಕಸಬರಿಗೆ ಕೆಳಗಿಟ್ಟಳು. “ಒಂದು ಯಮನೂರಮ್ಮಗ ಕೊಟ್ಟೀನಿ. ಒಂದು ಮಗ್ಗಲ ಮನಿ ಗಾಳೆಮ್ಮಗ. ಉಳಿದವು ಕೆಳಗಿನ ಓಣಿ ನಾಲ್ಕು ಮನಿಗೆ. ನೀ ಯಾರ್ಯಾರ ಮನಿಂದ ಎತ್ತಿಕೊಂಡು ಬಂದಿದ್ದಿ ಅಂತ ನನಗ ಗೊತ್ತೈತಿ. ಈಗ ಅವು ನಮ್ಮವಲ್ಲ. ಬೇಕಂದ್ರ ಹೋಗಿ ಮತ್ತ ಎತ್ತಿಕೊಂಡು ಬಾ.”

ಮುದುಕಪ್ಪ ಕೂಗಾಡಲಿಲ್ಲ. ಬಡಿಗೆ ತೆಗೆದುಕೊಂಡು ಹೊರಟ. ಗಾಳೆಮ್ಮನ ಬಾಗಿಲ ಮುಂದೆ ನಿಂತು ಮುಂದೆ ನಡೆದ. ಕೆಳಗಿನ ಓಣಿಯ ತುದಿಯವರೆಗೂ ಹೋಗಿ ತಿರುಗಿ ಬಂದ. ಕೊನೆಗೆ ಯಮನೂರಮ್ಮನ ಮನೆ. ಮುದುಕಿ ಹೊಸ್ತಿಲಲ್ಲಿ ಕೂತಿದ್ದಳು. ಕೆಂಪು ಹೇಂಟೆ ಅವಳ ಮಡಿಲಲ್ಲಿತ್ತು. ಅವಳ ಎರಡೂ ಕೈ ಅದರ ರೆಕ್ಕೆಯ ಮೇಲಿದ್ದವು.

“ಒಯ್ಯಾಕ ಬಂದೀಯೇನಪ್ಪ?”

“ಇಲ್ಲಬೇ. ಒಂದು ತಂಬಗಿ ನೀರು ಕೊಡು.”

ಅವಳು ಕೋಳಿಯನ್ನು ಕೆಳಗಿಡದೆಯೇ ಎದ್ದು ಹೋಗಿ, ಒಂದು ಕೈಯಲ್ಲಿ ನೀರು ತಂದು ಕೊಟ್ಟಳು. ಅವನು ನಿಂತೇ ಕುಡಿದು ಬಂದ.

ದೌರೆಯ ದಿನ ಮುದುಕಪ್ಪ ಎರಡು ಹುಂಜಗಳನ್ನು ಹಿಡಿದು ಚಾವಡಿಗೆ ಹೋದ. ಗಿರ್ದಾವರ ಸಾಹೇಬರು ಹಾಸಿಗೆಯ ಮೇಲೆ ಒರಗಿ ಕಾಗದ ನೋಡುತ್ತಿದ್ದರು.

“ಐದು ಹೇಳಿದ್ದೆ.”

“ಇಷ್ಟೇ ಅದಾವ್ರಿ ಸಾಹೇಬ್ರ. ಇಲ್ರಿ ಇನ್ನ.”

ಸಾಹೇಬರು ಏನೋ ಹೇಳಬೇಕೆನ್ನುವಷ್ಟರಲ್ಲಿ ಚಾವಡಿಯ ಹಿಂದಿನ ಓಣಿಯಿಂದ ಹೇಂಟೆಯೊಂದು ಕೊಕ್ಕೊಕ್ಕೋ ಎಂದು ಊರಿಗೆಲ್ಲ ಕೇಳುವಂತೆ ಅರಚತೊಡಗಿತು. ತತ್ತಿ ಇಟ್ಟಿತ್ತು. ನಿಲ್ಲಿಸಲೇ ಇಲ್ಲ. ಚಾವಡಿಯಲ್ಲಿದ್ದವರೆಲ್ಲ ನೆಲ ನೋಡಿದರು.

“ಅದೇನು?” ಎಂದರು ಸಾಹೇಬರು.

“ಕೋಳಿ ರೀ.”

“ಇಲ್ಲ ಅಂದೆಯಲ್ಲ.”

ಕಾಲು ಕಟ್ಟಿದ ಹುಂಜಗಳನ್ನು ಮುದುಕಪ್ಪ ಕೆಳಗಿಟ್ಟ. “ನನ್ನ ಮನ್ಯಾಗ ಇಲ್ಲ ಅಂದೆ ರೀ. ಅದು ನಂದಲ್ಲ. ಅವರು ಸಾಕ್ಯಾರ. ನಾ ತರಾಂಗಿಲ್ರಿ.”

ಅವನನ್ನು ಅಂಗಳದ ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸಿ, ಬೆನ್ನ ಮೇಲೆ ಒರಳಗಲ್ಲಿನಷ್ಟು ದೊಡ್ಡ ಕಲ್ಲು ಹೊರಿಸಿದರು. ಕೋಳಿ ತರಲು ಚಾಂದ್‌ಪಾಷಾ ಹೊರಟ. ಓಣಿಗಳಲ್ಲಿ ಆರು ಬಾಗಿಲಿಗೆ ಆರು ಹೆಂಗಸರು ಅಡ್ಡ ಕೂತಿದ್ದರು. ಯಾರೂ ಏಳಲಿಲ್ಲ. ಜವಾನ ಯಮನೂರಮ್ಮನ ಮುಂದೆ ಸ್ವಲ್ಪ ಹೊತ್ತು ನಿಂತ. ಅವನ ತಾಯಿಯ ವಯಸ್ಸಿನವಳು. ತಿರುಗಿ ಬಂದು, “ಕೈಗೆ ಸಿಗಲಿಲ್ಲ ಹುಜೂರ್, ಜಾಲಿ ಮುಳ್ಳಿನಾಗ ಹೊಕ್ಕಾವ,” ಎಂದು ವರದಿ ಒಪ್ಪಿಸಿದ.

ಹೊತ್ತು ಇಳಿಯುವವರೆಗೂ ಕಲ್ಲು ಮುದುಕಪ್ಪನ ಬೆನ್ನ ಮೇಲೇ ಇತ್ತು. ಎರಡು ಸಲ ಮೊಣಕಾಲೂರಿದ. ಎರಡು ಸಲವೂ ಎಬ್ಬಿಸಿದರು. ಊರವರು ಒಬ್ಬೊಬ್ಬರಾಗಿ ಬಂದು ಚಾವಡಿಯ ಗೋಡೆಗುಂಟ ನಿಂತರು. ಹೊಲದಿಂದ ಬಂದವರು ಕುಡುಗೋಲು ಹಿಡಿದೇ ನಿಂತರು. ಅಷ್ಟು ಜನ ಮಾತಿಲ್ಲದೆ ನಿಂತಿದ್ದು ಸಾಹೇಬರಿಗೆ ಸರಿಬರಲಿಲ್ಲವೇನೋ, ಎರಡು ಸಲ ಹೊರಗೆ ಬಂದು ನೋಡಿ ಒಳಗೆ ಹೋದರು. ಆಮೇಲೆ ಕಲ್ಲು ಇಳಿಸಲು ಹೇಳಿದರು. ಮೂರು ದಿನದ ದೌರೆ ಮರುದಿನ ಬೆಳಿಗ್ಗೆಯೇ ಮುಗಿಯಿತು.

ತಳವಾರಿಕೆ ಅವನ ಕೈತಪ್ಪಿತು. ದಾಯಾದಿ ದ್ಯಾವಪ್ಪನ ಹೆಸರಿಗೆ ಆಯಿತು. ಅದರ ಜೊತೆ ಬರುತ್ತಿದ್ದ ಹೊಲದ ತುಂಡೂ ಹೋಯಿತು. ಗದ್ದೆಮ್ಮ ಅವನ ಬೆನ್ನಿಗೆ ಎಳ್ಳೆಣ್ಣೆ ತಿಕ್ಕುವಾಗ ಒಂದು ದಿನ ಕೇಳಿದಳು: “ನಾ ಮಾಡಿದ್ದು ತಪ್ಪಾತೇನು?”

“ತಪ್ಪಿಲ್ಲ,” ಎಂದ ಅವನು. “ಮೊದಲಾ ನನಗೊಂದು ಮಾತು ಹೇಳಬೇಕಿತ್ತು.”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ.”

“ಹೌದು, ಅಂತಿದ್ದೆ.”

ಮುಂದಿನ ದೌರೆಗೆ ದ್ಯಾವಪ್ಪ ಓಣಿಗೆ ಬಂದಾಗ ಕೆಲವರು ಹೆದರಿ ಕೋಳಿ ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಯಮನೂರಮ್ಮ ಕೊಡಲಿಲ್ಲ. ಮುದುಕಪ್ಪ ಈಗ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಾನೆ. ಬಗ್ಗಿ ಕಳೆ ತೆಗೆಯುವಾಗ ನಡು ಹಿಡಿಯುತ್ತದೆ. ಆದರೂ ಲಿಂಗಸೂಗೂರಿನ ದಾರಿಯಲ್ಲಿ ಧೂಳೆದ್ದರೆ ಅವನು ಕೆಲಸ ಬಿಟ್ಟು ನೆಟ್ಟಗೆ ನಿಲ್ಲುತ್ತಾನೆ. ಬಂಡಿಯೋ ಕುದುರೆಯೋ ತಿಳಿಯುವವರೆಗೂ ಮತ್ತೆ ಬಗ್ಗುವುದಿಲ್ಲ.