ಮರದ ಆಲೆ

ಚಿಕ್ಕಬೋರಮ್ಮ ಆಲೆಯ ಬಾಯಿಗೆ ಮೊಣಕೈವರೆಗೂ ತೋಳು ತೂರಿಸಿ ಕಬ್ಬಿನ ಜಲ್ಲೆಯನ್ನು ಒಳಕ್ಕೆ ನೂಕಿದಳು. ಆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಪಾರ್ಥಸಾರಥಿ ಅದನ್ನು ಎತ್ತಿನ ನಡಿಗೆಯಷ್ಟೇ ನಿಧಾನವಾಗಿ ಎಳೆದುಕೊಂಡು ಪಕ್ಕಕ್ಕೆ ಹಾಕಿದ. ಅವಳು ಇನ್ನೊಂದು ಕೊಟ್ಟಳು. ಬೆರಳಿಗೆ ಉರುಳೆ ತಗುಲಿ ಮೈ ಜುಮ್ಮೆಂದಿತು. ಉರುಳೆ ಸುಮ್ಮನೆ ನಿಂತಿತ್ತು.

"ಮರದ್ದು ಕಣಮ್ಮ, ಕಚ್ಚಲ್ಲ," ಎಂದು ಅವನು ನಕ್ಕ.

ಪಾರ್ಥಸಾರಥಿ ಮಂಡ್ಯದ ಮೇಷ್ಟರೊಬ್ಬರ ಮಗ, ಎಂಜಿನಿಯರಿಂಗ್ ಓದಿದವನು. ಕಬ್ಬು ಅರೆಯುವಾಗ ಕೈ ಸಿಕ್ಕಿಕೊಳ್ಳದಂಥ ಆಲೆಯೊಂದನ್ನು ಮಾಡಬೇಕೆಂಬ ಹುಚ್ಚು ಅವನಿಗೆ. ಕಬ್ಬಿಣ ಎರಕ ಹೊಯ್ಯುವ ಮೊದಲು ಹಲಸಿನ ಹಲಗೆಯಲ್ಲಿ ಅದರ ಆಕಾರ ಮಾಡಿಸಿ, ತಿರುಗದ ಉರುಳೆಗಳಿಗೆ ಕಪ್ಪು ಬಳಿದು, ಬಸ್ಸಿನ ಮೇಲೆ ಕಟ್ಟಿಸಿಕೊಂಡು ನಿಡಘಟ್ಟದ ಪಕ್ಕದ ಈ ಆಲೆಮನೆಗೆ ತಂದಿದ್ದ. ಇದರಲ್ಲಿ ರಸ ಬರುವುದಿಲ್ಲ, ಏನೂ ಅರೆಯುವುದಿಲ್ಲ. ಕಬ್ಬು ಕೊಡುವವರ ಕೈ ಎಲ್ಲಿಯವರೆಗೆ ಹೋಗುತ್ತದೆಂದು ಇದರಲ್ಲಿ ನೋಡಿಕೊಂಡರೆ ನಿಜವಾದ ಆಲೆಯ ಬಾಯಿಯನ್ನು ಅದಕ್ಕಿಂತ ಉದ್ದ ಮಾಡಬಹುದು ಎಂದು ಹೇಳಿದ್ದ. ಎತ್ತು ಕಟ್ಟುವ ಮುಂಚೆ ಬೆಳಗ್ಗೆ ಬೆಳಗ್ಗೆ ಬಂದು ಕೂರಲು ಅವಳು ಒಪ್ಪಿದ್ದಳು. ಒಪ್ಪಲು ಕಾರಣವಿತ್ತು. ಹೋದ ವರ್ಷ ಅವಳ ಓರಗಿತ್ತಿ ಬೆಳ್ಳಮ್ಮನ ಬಲಗೈ ಇಲ್ಲಿನ ಕಬ್ಬಿಣದ ಆಲೆಗೇ ಹೋಗಿತ್ತು. ಆ ಜಾಗದಲ್ಲಿ ಈಗ ಕೂರುತ್ತಿದ್ದವಳು ಚಿಕ್ಕಬೋರಮ್ಮ.

ಆಲೆಯ ಮುಂದೆ ಕೂರುವ ಹೆಂಗಸರು ಬಳೆಗಳನ್ನು ಮೊಣಕೈಯತ್ತ ಏರಿಸಿ ಬಟ್ಟೆ ಚೂರಿನಿಂದ ಬಿಗಿಯುತ್ತಿದ್ದರು. ಮುತ್ತೈದೆ ಬಳೆ ತೆಗೆಯುವಂತಿಲ್ಲ, ಉರುಳೆಗೆ ಮುತ್ತೈದೆಯ ಗುರುತಿಲ್ಲ. ಮೊದಲ ಬೆಳಗ್ಗೆ ಅವಳು ಮರದ ಆಲೆಗೂ ಬಟ್ಟೆ ಕಟ್ಟಿಕೊಂಡೇ ಬಂದಿದ್ದಳು. ಎತ್ತು ಹೊಡೆಯುವ ಗಂಡ ನಿಂಗಯ್ಯ ಬೀಡಿ ಕಚ್ಚಿಕೊಂಡು ನೋಡುತ್ತಿದ್ದವನು, "ಬೊಂಬೆಗೂ ಎದರ್ಕತೀಯೇನಮ್ಮಿ?" ಎಂದು ಆಡಿಕೊಂಡ. ಮಾರನೆಯ ದಿನದಿಂದ ಅವಳು ಮರದ್ದರ ಮುಂದೆ ಕಟ್ಟಲಿಲ್ಲ, ಕಬ್ಬಿಣದ್ದಕ್ಕೆ ಕೂರುವಾಗ ಮಾತ್ರ ಕಟ್ಟಿಕೊಳ್ಳುತ್ತಿದ್ದಳು. ಬೆರಳಿಗೆ ಉರುಳೆ ತಗುಲುವವರೆಗೂ ನೂಕುವುದು, ತಗುಲಿದ ಮೇಲೆ ಕೈ ಎಳೆದುಕೊಳ್ಳುವುದು ಅಭ್ಯಾಸವಾಯಿತು. ಎದೆ ಹೊಡೆದುಕೊಳ್ಳುವುದೂ ನಿಂತಿತು. ಒಳ್ಳೆ ನಿದ್ದೆ ಬರುತ್ತಿತ್ತು.

ಇವತ್ತು ಮರದ್ದರ ಮುಂದಿನಿಂದ ಎದ್ದವಳು ಹಾಗೆಯೇ ಕಬ್ಬಿಣದ್ದರ ಮುಂದೆ ಕೂತಳು. ನಿಂಗಯ್ಯ ಎತ್ತು ಹೊಡೆದ. ತಲೆಯ ಮೇಲೆ ಉದ್ದನೆಯ ತೊಲೆ ಸುತ್ತತೊಡಗಿತು, ಉರುಳೆಗಳು ಕಿರುಗುಟ್ಟಿದವು, ರಸ ಸುರಿಯಿತು. ಅವಳು ಜಲ್ಲೆ ಕೊಟ್ಟಳು. ಇನ್ನೊಂದು ಕೊಟ್ಟಳು. ಕೈ ತನ್ನಷ್ಟಕ್ಕೆ ತಾನು ಮುಂದೆ ಮುಂದೆ ಹೋಗುತ್ತಿತ್ತು. ಅದು ಉರುಳೆಯನ್ನು ಮುಟ್ಟಿ ನೋಡಲು ಹೊರಟಿದೆಯೆಂದು ಅವಳಿಗೆ ಹೊಳೆದಾಗ ಬಳೆ ಆಗಲೇ ಸಿಕ್ಕಿಕೊಂಡಿತ್ತು.

ಕೈ ಎಳೆದಳು. ಬರಲಿಲ್ಲ. ನಿಲ್ಲಿಸು ಎನ್ನಬೇಕು, ಸ್ವರವೇ ಹೊರಡಲಿಲ್ಲ. ನಿಂಗಯ್ಯ ಅವಳ ಬೆನ್ನ ಹಿಂದೆ ಎಲ್ಲೋ ಎತ್ತಿನ ಜೊತೆ ಮಾತಾಡುತ್ತಿದ್ದ. ಬೆಳ್ಳಮ್ಮ ಆವತ್ತು ಕೂಗಿರಲಿಲ್ಲ, ಯಾಕೆ ಕೂಗಲಿಲ್ಲವೆಂದು ಊರೇ ಕೇಳಿತ್ತು. ಬಳೆ ಚಟ್ಟನೆ ಒಡೆಯಿತು. ಅವಳು ಹಿಂದಕ್ಕೆ ಬಿದ್ದಳು.

ಆ ಬದಿಯಲ್ಲಿ ಸಿಪ್ಪೆಯ ಜೊತೆ ಹಸಿರು ಗಾಜಿನ ಪುಡಿ ಉದುರಿತು. ಸುತ್ತು ಹಾಕಿ ಬಂದ ನಿಂಗಯ್ಯ ಅದನ್ನು ಕಂಡು ಎತ್ತು ಹಿಡಿದು ನಿಲ್ಲಿಸಿದ. ಅವಳ ಮಣಿಕಟ್ಟಿನಲ್ಲಿ ರಕ್ತ ಸಣ್ಣಗೆ ಜಿನುಗುತ್ತಿತ್ತು. ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಎಲ್ಲ ಇದ್ದವು.

"ಬಟ್ಟೆ ಎಲ್ಲಮ್ಮಿ?" ಎಂದ ಮೆಲ್ಲಗೆ.

ಬಟ್ಟೆ ಮರದ ಆಲೆಯ ಮೇಲೆ ಒಣಗುತ್ತಿತ್ತು.

ಓಡಿಬಂದ ಪಾರ್ಥಸಾರಥಿಯ ಮುಖ ಬಿಳಚಿಕೊಂಡಿತ್ತು. ತಪ್ಪು ಗೊತ್ತಾಯಿತು, ಬಾಯಿಯನ್ನು ಇನ್ನೂ ಉದ್ದ ಮಾಡಿಸುತ್ತೇನೆ, ಕೈಗೆ ಉರುಳೆ ಎಟುಕಲೇಬಾರದು ಎಂದು ತೊದಲಿದ. ಮರದ ಆಲೆಯನ್ನು ಇಲ್ಲೇ ಬಿಟ್ಟುಹೋಗುವುದಾಗಿಯೂ, ಬೇಕಾದಾಗ ಅವಳು ಕೂತು ಅಭ್ಯಾಸ ಮಾಡಬಹುದೆಂದೂ ಹೇಳಿದ.

"ನಾಳೆ ಇನ್ನೊಂದು ಸಲ ಕೂತು ತೋರಿಸಮ್ಮ. ನಿನ್ನ ಕೈಗೋಸ್ಕರಾನೇ ಮಾಡ್ತಿರೋದು."

ಚಿಕ್ಕಬೋರಮ್ಮ ಎದ್ದುಹೋಗಿ ಬಟ್ಟೆ ತಂದಳು. ಉಳಿದ ಬಳೆಗಳನ್ನು ಮೇಲಕ್ಕೇರಿಸಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದು ಕಟ್ಟಿದಳು. ಕಬ್ಬಿಣದ ಆಲೆಯ ಮುಂದೆ ಕೂತು, ಕೈಯನ್ನು ಉರುಳೆಯಿಂದ ಮೊಳದಷ್ಟು ದೂರ ಇಟ್ಟುಕೊಂಡು ಜಲ್ಲೆಯ ಹಿಂತುದಿ ಹಿಡಿದೆತ್ತಿದಳು.

"ಇದರ ಮುಂದೆ ಕೂತ್ಕತೀನಿ ಸ್ವಾಮಿ. ಅದರ ಮುಂದೆ ಕೂರಾಕಿಲ್ಲ."